ಓಬ್ರೆನ್ ಹಸಿರು ಬಳಿದ ಟ್ರ್ಯಾಕ್ಟರ್

ಓಬ್ರೆನ್ ಒಂದು ಕೆಲಸವನ್ನು ಹಿಡಿದು ಮುಗಿಸಿದ್ದನ್ನು ಈ ನಲವತ್ತು ವರ್ಷದಲ್ಲಿ ನಾನು ಕಂಡವನಲ್ಲ. ಪಕ್ಕದ ಮನೆಯವನು ನಾನು, ನನಗೆ ಗೊತ್ತಿಲ್ಲದ್ದೇನು? ಮಹಡಿಗೆ ಗೋಡೆ ಎಬ್ಬಿಸಿದ, ಚಾವಣಿ ಹಾಕಲಿಲ್ಲ. ಪೇಟೆಗೆ ಕ್ಷೌರ ಕಲಿಯಲು ಹೋದ, ಎರಡೇ ತಿಂಗಳಿಗೆ ವಾಪಸು. ಮನೆ ನಡೆಸಿದ್ದೆಲ್ಲ ಅವನ ತಮ್ಮ ಮಿಲೋಸಾವ್. ಆ ಮಿಲೋಸಾವ್ ಏಪ್ರಿಲ್‌ನಲ್ಲಿ, ಪ್ಲಮ್ ತೋಟದ ಇಳಿಜಾರಿನಲ್ಲಿ, ಮಗುಚಿದ ಕೆಂಪು ಟ್ರ್ಯಾಕ್ಟರ್‌ನ ಅಡಿಗೆ ಸಿಕ್ಕಿ ಸತ್ತ. ಮೂವತ್ತೊಂದು ವರ್ಷ. ಅವತ್ತು ಓಡಿಸಬೇಕಾಗಿದ್ದವನು ಓಬ್ರೆನ್. ಕುಡಿದದ್ದು ಇಳಿಯದೆ ಹಾಸಿಗೆಯಲ್ಲೇ ಬಿದ್ದಿದ್ದ. "ಮಲಕ್ಕೋ ಅಣ್ಣ, ನಾನೇ ಹೋಗ್ತೀನಿ" ಎಂದು ತಮ್ಮ ಹೋದನಂತೆ.

ನಲವತ್ತನೇ ದಿನದ ಪ್ರಾರ್ಥನೆ ಮುಗಿದ ಮಾರನೆಯ ಬೆಳಿಗ್ಗೆ ತಾಯಿ ಕ್ರೂನಿಯಾ ಬಟ್ಟೆ ಗಂಟು ಕಟ್ಟಿಕೊಂಡು ಹೊಳೆಯಾಚೆಯ ತಂಗಿಯ ಮನೆಗೆ ಹೊರಟುಹೋದಳು. ಜಗಳವಿಲ್ಲ, ಒಂದು ಮಾತಿಲ್ಲ. ಓಬ್ರೆನ್ ಐದು ಸಲ ಕರೆಯಲು ಹೋದ. ಐದು ಸಲವೂ ಕಾಫಿ ಕೊಟ್ಟು ಕಳಿಸಿದಳು.

"ಅಂಗಳದಲ್ಲಿ ಆ ಕೆಂಪು ಪಿಶಾಚಿ ನಿಂತಿದ್ರೆ ಯಾವ ತಾಯಿ ಬರ್ತಾಳೋ? ಮಾರಿ ಹಾಕು" ಎಂದೆ.

"ಮನುಷ್ಯನ್ನ ಕೊಂದ ಗಾಡಿ ಯಾರು ತಗೋತಾರೆ, ಸ್ಪಾಸೋಯೆ ಚಿಕ್ಕಪ್ಪ?"

"ಹಂಗಾದ್ರೆ ಬಣ್ಣನಾದ್ರೂ ಬದಲಾಯ್ಸು. ಅವಳಿಗೆ ಗುರುತೇ ಸಿಗಬಾರದು."

ಈ ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಬಾಯಿ ಮುಚ್ಚಿಕೊಂಡು ಇರಬಹುದಿತ್ತು.

ಆರು ತಿಂಗಳ ಪ್ರಾರ್ಥನೆಗೆ ಮೂರು ವಾರ ಉಳಿದಿತ್ತು. ಆ ಶನಿವಾರ ತಾಯಿ ಸಮಾಧಿಗೆ ಬಂದೇ ಬರುತ್ತಾಳೆ, ಅಲ್ಲಿಂದ ಅವಳನ್ನು ಮನೆಗೆ ಕರೆತರಬೇಕು, ಇಷ್ಟೇ ಓಬ್ರೆನ್‌ನ ತಲೆಯಲ್ಲಿದ್ದದ್ದು. ಕುಡಿಯುವುದನ್ನು ಬಿಟ್ಟ. ಗಾಡಿಯನ್ನು ಕೊಟ್ಟಿಗೆಗೆ ತಳ್ಳಿ, ಬಾನೆಟ್, ಮಡ್‌ಗಾರ್ಡ್ ಎಲ್ಲ ಬಿಚ್ಚಿದ. ತುಕ್ಕು ಹಿಡಿದ ಕಡೆ ತಂತಿ ಬ್ರಷ್‌ನಿಂದ ತಗಡು ಬೆಳ್ಳಗಾಗುವವರೆಗೆ ತಿಕ್ಕಿ ಪ್ರೈಮರ್ ಹೊಡೆದ. ಗಟ್ಟಿಯಾಗಿದ್ದ ಹಳೆ ಕೆಂಪನ್ನು ನೀರು ಹಾಕಿ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಒರಟು ಮಾಡಿದ. ತಗ್ಗುಗಳಿಗೆ ಪುಟ್ಟಿ ತುಂಬಿ, ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡುತ್ತಿದ್ದ. "ಇಲ್ಲಿ ಒಂಚೂರು ಉಬ್ಬಿದೆ" ಎಂದು ಮತ್ತೆ ಉಜ್ಜುತ್ತಿದ್ದ. ಬೆರಳ ತುದಿ ಸವೆದು ರಕ್ತ ಬಂದರೂ ನಿಲ್ಲಿಸಲಿಲ್ಲ. ಊಟಕ್ಕೆ ಕರೆದರೆ ಕೇಳಿಸದವನಂತೆ ಇರುತ್ತಿದ್ದ.

ಬಣ್ಣ ಹೊಡೆಯುವ ದಿನ ಧೂಳೇಳದಂತೆ ನೆಲಕ್ಕೆಲ್ಲ ನೀರು ಚಿಮುಕಿಸಿದೆವು. ನನ್ನ ಹೆಂಡತಿ ದೆಸಾಂಕಾ ಬೇಲಿಯಾಚೆಯಿಂದ ಕೂಗಿದಳು: "ಎರಡು ಬಾಗಿಲೂ ತೆಗ್ದಿದೀರಲ್ಲ, ಅಡ್ಡಗಾಳಿ ಹೊಡ್ದು ಶೀತ ಹತ್ತಿ ಸಾಯ್ತೀರಾ!"

"ಮುಚ್ಚಿದ್ರೆ ಥಿನ್ನರ್ ವಾಸನೇಲಿ ಸಾಯ್ತೀವಿ. ಯಾವುದು ಬೇಕು ಹೇಳೇ!" ಎಂದೆ. ಓಬ್ರೆನ್ ನಕ್ಕ. ಆರು ತಿಂಗಳಲ್ಲಿ ಅವನು ನಕ್ಕದ್ದು ಅದೊಂದೇ ಸಲ.

ಮೊದಲ ಕೋಟ್ ತೆಳುವಾಗಿ ಹೊಡೆದ. ಎರಡನೆಯದಕ್ಕೆ ಸ್ಪ್ರೇ ಗನ್ ಹಿಡಿದ ಕೈ ನಡುಗದೆ ಒಂದೇ ಸಮ ಓಡಿತು. ಎಲ್ಲಿಯೂ ಸೋರಿದ ಗುರುತಿಲ್ಲ. ಅಯ್ಯೋ, ಎಂಥ ಹಸಿರು ಅದು! ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಿತ್ತು. ಆದರೆ ಅಕ್ಟೋಬರ್ ಚಳಿ, ಬಣ್ಣ ಒಣಗಲೊಲ್ಲದು. ಕೊಟ್ಟಿಗೆಯಲ್ಲಿ ಸೌದೆ ಒಲೆ ಉರಿಸಿದ. ಶನಿವಾರ ಬೆಳಿಗ್ಗೆ ಮುಟ್ಟಿದಾಗಲೂ ಬೆರಳು ಸ್ವಲ್ಪ ಅಂಟುತ್ತಿತ್ತು.

ಸಮಾಧಿಯ ಹತ್ತಿರ ಪಾದ್ರಿ ಪ್ರಾರ್ಥನೆ ಮುಗಿಸಿದರು. ಸತ್ತವನ ಹೆಸರಲ್ಲಿ ಬೇಯಿಸಿದ ಗೋಧಿಯನ್ನು ಎಲ್ಲರೂ ಒಂದೊಂದು ಚಮಚ ತಿಂದೆವು. ಕ್ರೂನಿಯಾ ಬಾಟಲಿಯಿಂದ ಪ್ಲಮ್ ಬ್ರಾಂಡಿಯನ್ನು ಮಗನ ಮಣ್ಣಿನ ಮೇಲೆ ಸುರಿದಳು.

"ಅಮ್ಮ, ಮನೆಗೆ ಬಾ. ಒಂದು ತೋರಿಸ್ಬೇಕು" ಎಂದ ಓಬ್ರೆನ್. ಅವಳು ನನ್ನ ಮುಖ ನೋಡಿದಳು. "ಬಾ ಅಕ್ಕ, ಪಾಪ, ಕಷ್ಟಪಟ್ಟಿದ್ದಾನೆ" ಎಂದೆ. ಬಂದಳು.

ಅವನು ಕೊಟ್ಟಿಗೆಯ ಬಾಗಿಲು ತೆರೆದ. ಅವಳು ಟ್ರ್ಯಾಕ್ಟರ್‌ಗೆ ಒಂದು ಸುತ್ತು ಬಂದಳು.

"ಚೆನ್ನಾಗಿ ಮಾಡಿದ್ದೀಯ" ಎಂದಳು.

ಓಬ್ರೆನ್‌ಗೆ ಅಳು ಬಂತು. "ಇದು ಅದಲ್ಲ ಅಂದ್ಕೊ ಅಮ್ಮ. ಹೊಸದು ಅಂದ್ಕೊ. ಗಂಟು ತಂದ್ಬಿಡು, ಇಲ್ಲೇ ಇರು."

ನಮ್ಮ ಕಡೆ ಸತ್ತವರು ಬಿದ್ದ ಜಾಗ, ಮುಟ್ಟಿದ ವಸ್ತು ಕಂಡರೆ ಆತ್ಮಕ್ಕೊಂದಿಷ್ಟು ಬ್ರಾಂಡಿ ಸುರಿಯದೆ ಯಾರಿರುತ್ತಾರೆ? ಅವಳು ಬಾಟಲಿಯಲ್ಲಿ ಉಳಿದಿದ್ದನ್ನು ಬಾನೆಟ್ ಮೇಲೆ ಸುರಿದಳು. ಎರಡು ಸಲ ಬಟ್ಟಿ ಇಳಿಸಿದ ಕಡು ಮಾಲು, ಥಿನ್ನರ್‌ಗೇನೂ ಕಮ್ಮಿಯಿಲ್ಲ. ಹಸಿ ಬಣ್ಣ ಸುಕ್ಕುಗಟ್ಟಿ ಇಳಿಯತೊಡಗಿತು. ಓಬ್ರೆನ್ ಬಟ್ಟೆ ಹಿಡಿದು ಓಡಿಬಂದ. ಅವಳು ಅವನನ್ನು ಸರಿಸಿ ಅಂಗೈಯಿಂದ ಜೋರಾಗಿ ಒರೆಸಿದಳು. ಕೆಳಗಿನ ಕೆಂಪು ಕಂಡಿತು.

"ಕೆಂಪು ಕಂಡ್ರೆ ಹೆದರ್ತೀನಿ ಅಂತ ಯಾರು ಹೇಳಿದ್ರು ನಿಂಗೆ?" ಎಂದಳು. ದನಿ ಏರಿರಲಿಲ್ಲ. "ಇದ್ರ ಮೇಲೆ ಅವ್ನು ದಿನಾ ಕೂತಿದ್ದ. ಇದನ್ನ ತಬ್ಬಿಕೊಂಡು ಬೇಕಾದ್ರೆ ಮಲಗ್ತಿದ್ದೆ. ನಂಗೆ ನೋಡೋಕಾಗ್ದೇ ಇರೋದು ನಿನ್ನ, ಮಗಾ. ನಿನ್ನ ಮುಖನ. ಅವತ್ತು ನೀನು ಎದ್ದಿದ್ರೆ ಅಂತ ದಿನಾ ಅನ್ಸುತ್ತೆ. ಹೆತ್ತೋಳು ಹಂಗೆ ಅನ್ಕೋಬಾರ್ದು ಅಂತಾನೇ ಮನೆ ಬಿಟ್ಟಿದ್ದು."

ಹಸಿರಾದ ಕೈಯನ್ನು ಕಪ್ಪು ಲಂಗಕ್ಕೆ ಒರೆಸಿಕೊಂಡು ಹೊಳೆಯ ಕಡೆ ಇಳಿದುಹೋದಳು.

ಓಬ್ರೆನ್ ಬಾನೆಟ್ ಮುಂದೆ ಮಂಡಿಯೂರಿ ಕುಳಿತಿದ್ದ. ಕಿತ್ತುಹೋದ ಬಣ್ಣದ ಅಂಚನ್ನು ಉಗುರಿನಿಂದ ಮುಟ್ಟಿ ನೋಡುತ್ತ ಕೇಳಿದ: "ಇದನ್ನ ಉಜ್ಜಿ ಇನ್ನೊಂದು ಕೋಟ್ ಹೊಡೆದ್ರೆ ಸರಿಹೋಗುತ್ತೆ ಅಲ್ವಾ, ಚಿಕ್ಕಪ್ಪ?"

"ಹೂಂ ಕಣೋ" ಎಂದೆ.