ಬೆನ್ನ ಹಿಂದಿನ ಸಣ್ಣ ಹೆಜ್ಜೆಗಳು

ನನ್ನ ಮೂರನೆಯ ಮಗುವಿಗೆ ಏಳು ತಿಂಗಳಾಗಿದ್ದಾಗ, ನಮ್ಮ ಮನೆಯಲ್ಲಿ ಇನ್ನೊಂದು ಮಗು ಓಡಾಡುವ ಸಪ್ಪಳ ನನಗೆ ಕೇಳತೊಡಗಿತು.

ಶಲವಡಿಯಿಂದ ಸ್ವಲ್ಪ ಒಳಗಿರುವ ಹಳ್ಳಿ ನಮ್ಮದು. ಮನೆ ಹಳೆಯದು. ಮೊಳದಷ್ಟು ದಪ್ಪದ ಮಣ್ಣಿನ ಗೋಡೆಗಳು, ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಗಂಡ ಬಾಡಿಗೆ ಗಾಡಿ ಹೊಡೆಯುತ್ತಾರೆ. ಬೆಳಿಗ್ಗೆ ಅಣ್ಣಿಗೇರಿಗೆ ಹೋದರೆ ತಿರುಗಿ ಬರುವುದು ಸಂಜೆಗೆ. ಅತ್ತೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಆರು ವರ್ಷದ ದೊಡ್ಡ ಮಗಳು ಮಧ್ಯಾಹ್ನದವರೆಗೆ ಶಾಲೆಯಲ್ಲಿ. ನಾಲ್ಕು ವರ್ಷದ ಮಗ ಮನಸ್ಸಿದ್ದ ದಿನ ಅಂಗನವಾಡಿಗೆ ಹೋಗುತ್ತಿದ್ದ, ಇಲ್ಲದ ದಿನ ಅಂಗಳದಲ್ಲಿ. ಸಣ್ಣವಳು ನನ್ನ ಸೊಂಟದ ಮೇಲೆ.

ಮೊದಲ ಸಲ ಕೇಳಿದ್ದು ರೊಟ್ಟಿ ಬಡಿಯುವಾಗ. ಒಲೆಯ ಮೇಲೆ ಹಾಲು ಉಕ್ಕಿತೆಂದು ಗಡಬಡಿಸಿ ಎದ್ದೆ. ಆಗಲೇ ಬೆನ್ನ ಹಿಂದೆ ದಪ್, ದಪ್, ದಪ್ ಎಂದು ಬರಿಗಾಲಿನ ಮಗುವೊಂದು ಸಾರಿಸಿದ ನೆಲದ ಮೇಲೆ ಓಡಿ ಬಂತು.

"ನಿಲ್ಲಲೇ, ಒಲಿ ಉರಿಯಾಕತ್ತೇತಿ" ಎಂದೆ, ಮಗನೆಂದು ತಿಳಿದು. ಹಾಲಿಳಿಸಿ ತಿರುಗಿದರೆ ಯಾರೂ ಇರಲಿಲ್ಲ. ಮಗ ಹೊರಗೆ, ಹಳೆಯ ಟೈರಿನೊಳಗೆ ಕೂತು ಮಣ್ಣಾಡುತ್ತಿದ್ದ.

ಒಂದು ಸಲವಾಗಿದ್ದರೆ ಮರೆತುಬಿಡುತ್ತಿದ್ದೆ. ಆದರೆ ಅದು ದಿನವೂ ಬಂತು. ನಾನು ಬಿರಬಿರನೆ ನಡೆದರೆ ಅದೂ ಬಿರಬಿರನೆ ನಡೆಯುತ್ತಿತ್ತು. ನೀರಿನ ಕ್ಯಾನು ಹೊತ್ತು ಬಂದರೆ ಹಿಂದೆ ಓಡಿಬರುತ್ತಿತ್ತು. ನಾನು ಕೂತರೆ ಸ್ವಲ್ಪ ಹೊತ್ತು ನನ್ನ ಸುತ್ತ ತಿರುಗಿ ಮೆಲ್ಲಗಾಗುತ್ತಿತ್ತು. ಮಧ್ಯಾಹ್ನ ಸಣ್ಣವಳಿಗೆ ಹಾಲೂಡಿಸಲು ಒಂದು ಮಗ್ಗುಲಿಗೆ ಮಲಗಿದರಂತೂ ದಿಂಬಿನ ಪಕ್ಕದಲ್ಲೇ ಬಂದು ನಿಲ್ಲುತ್ತಿತ್ತು. ಹೊರಗೆ ಉರಿಬಿಸಿಲು, ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಒಳಗೆ ನನ್ನ ಕಿವಿಯ ಹತ್ತಿರ ನಿಂತಲ್ಲೇ ಕಾಲು ಬಡಿಯುವ ಮಗು.

ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಮಗನಿಗೂ ಸಣ್ಣವಳಿಗೂ ನಡುವೆ ನನ್ನದೊಂದು ಬಸಿರು ನಾಲ್ಕನೇ ತಿಂಗಳಲ್ಲಿ ಹೋಗಿತ್ತು. ರಕ್ತ ಬಹಳ ಹೋಗಿ ಎಂಟು ದಿನ ಮಲಗಿದ್ದೆ. ಒಂಬತ್ತನೆಯ ದಿನ ಎದ್ದು ರೊಟ್ಟಿ ಬಡಿದೆ. ಆಮೇಲೆ ಯಾರೂ ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ಸಪ್ಪಳ ಕೇಳತೊಡಗಿದ ಮೇಲೆ ಬೆರಳು ಮಡಚಿ ತಿಂಗಳು ಎಣಿಸಿದೆ. ಉಳಿದಿದ್ದರೆ ಅದಕ್ಕೆ ಒಂದೂಮುಕ್ಕಾಲು ವರ್ಷ. ಸರಿಯಾಗಿ ಮನೆತುಂಬ ಓಡಾಡುವ ವಯಸ್ಸು.

ಅದೇ ದಿನಗಳಲ್ಲಿ ನಾನು ಮಣ್ಣು ತಿನ್ನಲು ಶುರುಮಾಡಿದ್ದೆ. ಒಂದು ಮಳೆಯ ದಿನ ಅಡುಗೆಮನೆಯ ಹಿಂಗೋಡೆ ನೆನೆದು, ಅದರ ವಾಸನೆಗೆ ಬಾಯಲ್ಲಿ ನೀರೂರಿತು. ಬೆರಳಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡೆ. ಮರುದಿನ ಒಂದು ಹೆಂಟೆ ಮುರಿದುಕೊಂಡೆ. ಆಮೇಲೆ ಹಿಟ್ಟಿನ ಡಬ್ಬಿಯ ಹಿಂದೆ ಗೋಡೆಯಲ್ಲಿ ಅಂಗೈಯಗಲ ತಗ್ಗು ಬಿತ್ತು. ಬಸುರಿಯ ಬಯಕೆಯ ಹಾಗೆ ಆ ಆಸೆ ನನ್ನದಲ್ಲ, ಇನ್ನಾರದೋ ಎನಿಸುತ್ತಿತ್ತು. ಇದು ನನಗಲ್ಲ, ಆ ಮಗುವಿಗೆ ಬೇಕಾಗಿದೆ ಎಂದುಕೊಂಡು ತಿನ್ನುತ್ತಿದ್ದೆ.

ಪಿಯುಸಿ ಓದಿದವಳು ನಾನು. ಈ ಮಾತು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಒಂದು ದಿನ ಮಕ್ಕಳಿಗೆ ಉಣ್ಣಲು ಹಾಕಿದಾಗ ದೊಡ್ಡವಳು ತಾಟುಗಳನ್ನು ನೋಡಿ ಕೇಳಿದಳು: "ಅವ್ವಾ, ಇದ ಯಾರ ತಾಟು?"

ನೆಲದ ಮೇಲೆ ಒಂದು ತಾಟು ಹೆಚ್ಚಿಗೆ ಇತ್ತು. ಅದರಲ್ಲಿ ಅನ್ನ ಕಲಸಿ, ಸಣ್ಣ ತುತ್ತುಗಳನ್ನೂ ಮಾಡಿಟ್ಟಿದ್ದೆ.

"ಆಯಿದು" ಎಂದೆ. ಮಕ್ಕಳು ಅಜ್ಜಿಯನ್ನು ಆಯಿ ಎನ್ನುತ್ತಾರೆ.

"ಆಯಿ ಹೊಲಕ್ಕ ಹೋಗ್ಯಾಳಲ್ಲ" ಎಂದಳು. ತನ್ನ ತಾಟನ್ನು ಎಳೆದುಕೊಂಡು ತಮ್ಮನ ಬಾಜು ಸರಿದು ಕೂತಳು.

ಕೆಲವು ದಿನಗಳ ಮೇಲೆ ಮಗ ಬಾಗಿಲ ಹಿಂದೆ ಕೂತು ರೊಟ್ಟಿಯ ಚೂರನ್ನು ಯಾರಿಗೋ ಹಿಡಿದದ್ದು ಕಂಡಿತು.

"ಯಾರಿಗೋ ಅದು?"

"ನಿನ್ನ ಹಿಂದ ಬರ್ತಾನಲ್ಲ, ಅವಂಗ."

ಅವನೆದುರು ಕುಕ್ಕರಗಾಲಲ್ಲಿ ಕೂತೆ. "ನಿನಗ ಕಾಣ್ತಾನೇನು?"

"ಇಲ್ಲ. ನೀ ಮಾತಾಡ್ತಿಯಲ್ಲ ಅವನ ಜೋಡಿ" ಎಂದ.

ನಾನು ಮಾತಾಡುತ್ತಿದ್ದೇನೆಂಬುದು ನನಗೇ ಗೊತ್ತಿರಲಿಲ್ಲ.

ಸಣ್ಣವಳಿಗೆ ಒಂಬತ್ತು ತಿಂಗಳು ತುಂಬಿದಾಗ ಅದು ನಡೆಯಿತು. ಹೊತ್ತು ನೆತ್ತಿಗೆ ಬಂದಿತ್ತು. ಮೆಣಸಿನಕಾಯಿ ಹರವಲು ಮಾಳಿಗೆ ಹತ್ತಿದೆ. ದೊಡ್ಡವಳೂ ಜೊತೆಗಿದ್ದಳು, ಅಂದು ಶಾಲೆಗೆ ಸೂಟಿ. ಒಂಬತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ಬಾಯಿಗೆ ಬಂದಿತ್ತು. ಹಿಂದಿನ ಹೆಜ್ಜೆಗಳೂ ಎಂದೂ ಇಲ್ಲದಷ್ಟು ಜೋರಾಗಿ ಓಡಿ ಬಂದವು. ಬಂದು ನನ್ನನ್ನು ದಾಟಿ ಮಾಳಿಗೆಯ ಅಂಚಿನ ಕಡೆಗೆ ಹೋದ ಹಾಗಾಯಿತು. ನಮ್ಮ ಮಾಳಿಗೆಗೆ ಕಟ್ಟೆ ಇಲ್ಲ. ಬಿದ್ದರೆ ಕೆಳಗೆ ಕಲ್ಲು.

ಸಣ್ಣವಳನ್ನು ಸೊಂಟದಿಂದ ಇಳಿಸಿ, ಆ ಮಗುವನ್ನು ಹಿಡಿಯಲು ಓಡಿದೆ. ಕೈಚಾಚಿದೆ. ಬಿಸಿಲು ಒಮ್ಮೆಲೆ ಕಪ್ಪಾಯಿತು. ಅಂಚಿನಿಂದ ಎರಡು ಹೆಜ್ಜೆ ಈಚೆ ಕುಸಿದು ಕೂತೆ.

"ಅವ್ವಾ" ಎಂದಳು ದೊಡ್ಡವಳು. ಕೂಗಲಿಲ್ಲ, ಮೆಲ್ಲಗೇ ಕರೆದಳು. ಕಷ್ಟದಿಂದ ತಿರುಗಿ ನೋಡಿದೆ. ಅಡುಗೆಮನೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯ ಬಾಯಿಗೆ ಸಣ್ಣವಳು ಅಂಬೆಗಾಲಿಟ್ಟು ಹೋಗಿದ್ದಳು. ಅವಳ ತಲೆ, ಒಂದು ಕೈ ಕಿಂಡಿಯೊಳಗೆ. ದೊಡ್ಡವಳು ಬೋರಲಾಗಿ ಮಲಗಿ ಅವಳ ಅಂಗಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ಹಾಗೆ ಎಷ್ಟು ಹೊತ್ತಿನಿಂದ ಹಿಡಿದಿದ್ದಳೋ ತಿಳಿಯದು.

ತೆವಳಿ ಹೋಗಿ ಮಗುವನ್ನು ಎಳೆದುಕೊಂಡೆ. ಇಲ್ಲದ ಮಗುವಿನ ಹಿಂದೆ ಓಡಿ ಇರುವ ಮಗುವನ್ನು ಕಿಂಡಿಯ ಬಾಯಿಗೆ ಬಿಟ್ಟಿದ್ದೆ. ಅಂದು ಮೊದಲ ಸಲ ನನಗೆ ನನ್ನ ಮೇಲೆ ಹೆದರಿಕೆಯಾಯಿತು.

ಕೆಳಗಿಳಿಯಲು ಆಗದೆ ಮೆಟ್ಟಿಲ ಮೇಲೆ ಕೂತಿದ್ದಾಗ ಆಶಾ ಕಾರ್ಯಕರ್ತೆ ಬಂದರು. ಸಣ್ಣವಳಿಗೆ ಒಂಬತ್ತನೇ ತಿಂಗಳ ಚುಚ್ಚುಮದ್ದು ಹಾಕಿಸಬೇಕೆಂದು ನೆನಪು ಮಾಡಲು ಬಂದಿದ್ದರು. ಬಾಜೂ ಮನೆಯ ಹೆಂಗಸೂ ಬಂದು ನನ್ನ ಮುಖ ನೋಡಿ, "ಗಾಳಿ ಸೋಕೇತಿ. ತಾಯತಾ ಕಟ್ಟಸ್ರಿ" ಎಂದಳು.

ಆಶಾ ಅಕ್ಕ ಅದಕ್ಕೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನನ್ನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರು. ಅಂಗೈ ಬಿಡಿಸಿ ತಮ್ಮ ಅಂಗೈಯ ಪಕ್ಕ ಹಿಡಿದರು. ನನ್ನದು ಸುಣ್ಣ ಬಳಿದ ಹಾಗಿತ್ತು.

"ಬಾಯಾಗ ಏನರ ಹಾಕ್ಕೋತಿಯೇನವಾ? ಅಕ್ಕಿ, ಬಳಪ, ಮಣ್ಣು?"

ದೊಡ್ಡವಳು ಹೇಳಿದಳು: "ಗ್ವಾಡಿ ತಿಂತಾಳ. ಹಿಟ್ಟಿನ ಡಬ್ಬಿ ಹಿಂದ."

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಆಶಾ ಅಕ್ಕ ನಗಲಿಲ್ಲ. "ಬಾಣಂತನದಾಗ ರಕ್ತ ಹೆಚ್ಚಾಗಾಕ ಕೊಟ್ಟ ಕೆಂಪು ಗುಳಿಗಿ ತಗೊಂಡಿಯೇನು?" ಎಂದು ಕೇಳಿದರು. ಹೊಟ್ಟೆ ಕಟ್ಟುತ್ತದೆ, ಸಂಡಾಸ ಕಪ್ಪಾಗುತ್ತದೆಂದು ನಾಲ್ಕಾರು ನುಂಗಿ ಉಳಿದವನ್ನು ಗೂಡಿನಲ್ಲಿಟ್ಟು ಮರೆತಿದ್ದೆ. "ನಾಳೆ ಮುಂಜಾನೆ ತಾಲೂಕಿನ ದವಾಖಾನಿಗೆ ಹೋಗೂಣು. ಕೂಸನ್ನೂ ಕರಕೊಂಡ ಬಾ. ನಾ ಬರ್ತೀನಿ ನಿನ್ನ ಜೋಡಿ" ಎಂದರು.

ಮರುದಿನ ದವಾಖಾನೆಯಲ್ಲಿ ರಕ್ತ ತೆಗೆದರು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ನನಗೆ ಆರರ ಹತ್ತಿರ ಇತ್ತು. ಡಾಕ್ಟರ್ ನನಗಿಂತ ಸ್ವಲ್ಪವೇ ದೊಡ್ಡ ಹೆಣ್ಣುಮಗಳು. ಎದೆಗೆ, ಆಮೇಲೆ ಕುತ್ತಿಗೆಗೆ ನಳಿಗೆ ಇಟ್ಟು ಆಲಿಸಿದರು.

"ಕಿವ್ಯಾಗ ಏನರ ಸಪ್ಪಳ ಕೇಳ್ತೈತೇನ್ರಿ? ದಪ್ ದಪ್ ಅಂತ?"

ಎರಡು ತಿಂಗಳಿಂದ ಯಾರಿಗೂ ಹೇಳದ ಮಾತನ್ನು ಅವರು ತಾವಾಗಿಯೇ ಕೇಳಿದ್ದರು. ತಲೆಯಾಡಿಸಿದೆ.

"ಈಗ ಕೇಳಾಕತ್ತೇತಿ?"

"ಹೌದ್ರಿ. ಇಲ್ಲೇ ಹಿಂದ ನಿಂತೈತಿ."

ಡಾಕ್ಟರ್ ನನ್ನ ಬಲಗೈ ಬೆರಳುಗಳನ್ನು ಎಡಗೈಯ ನಾಡಿಯ ಮೇಲೆ ಇಟ್ಟರು. "ಈಗ ಕಣ್ಣ ಮುಚ್ಚಿ ಕೇಳ್ರಿ. ಎರಡೂ ಕೂಡೇ ನಡೀತಾವಿಲ್ಲೋ ನೋಡ್ರಿ."

ಬೆರಳ ಕೆಳಗೆ ನಾಡಿ ಒಂದು ಬಡಿತ ಬಡಿಯಿತು, ಬೆನ್ನ ಹಿಂದೆ ಒಂದು ಹೆಜ್ಜೆ ಬಿತ್ತು. ನಾಡಿ ಇನ್ನೊಂದು ಬಡಿಯಿತು, ಇನ್ನೊಂದು ಹೆಜ್ಜೆ. ಒಂದೂ ತಪ್ಪಲಿಲ್ಲ.

"ರಕ್ತ ತೆಳ್ಳಗಾದ್ರ ಎದಿ ಜೋರ ಬಡಕೋತೈತಿ. ಅದು ಕಿವ್ಯಾಗ ಕೇಳ್ತೈತಿ. ನೀವು ಓಡಿದ್ರ ಅದೂ ಓಡ್ತೈತಿ" ಎಂದರು. ಮಣ್ಣಿನ ಆಸೆಯೂ ಅದರಿಂದಲೇ ಅಂದರು. ಇಷ್ಟು ತಿಂಗಳು ನಾನು ಮಾತಾಡಿಸಿದ್ದು, ಉಣ್ಣಲು ಇಟ್ಟಿದ್ದು ನನ್ನದೇ ನೆತ್ತರಿನ ಸಪ್ಪಳಕ್ಕೆ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಆಶಾ ಅಕ್ಕ ಮಗುವನ್ನು ಹೊರಗೆ ಆಡಿಸಲು ಒಯ್ದರು.

ಕೆಲವು ವಾರ ಒಂದು ದಿನ ಬಿಟ್ಟು ಒಂದು ದಿನ ಹೋಗಿ ಕಬ್ಬಿಣದ ಅಂಶದ ಸಲಾಯಿನ್ ಹಾಕಿಸಿಕೊಂಡೆ. ಆಮೇಲೆ ಗುಳಿಗೆ. ಚಹಾದ ಜೊತೆ ಗುಳಿಗೆ ನುಂಗಿದರೆ ಮೈಗೆ ಹತ್ತುವುದಿಲ್ಲವಂತೆ. ನಾನು ನುಂಗಿದ್ದ ನಾಲ್ಕಾರು ಗುಳಿಗೆಯೂ ಚಹಾದ ಜೊತೆಗೇ ಹೋಗಿದ್ದವು. ಈಗ ಲಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಂಡೆ. ಮನೆಯವರೆಲ್ಲ ಜಂತುಹುಳದ ಗುಳಿಗೆ ನುಂಗಿದೆವು. ಸದ್ಯಕ್ಕೆ ಮತ್ತೆ ಬಸಿರಾಗದಂತೆ ಡಾಕ್ಟರ್ ಹೇಳಿದ ಸಾಧನ ಹಾಕಿಸಿಕೊಂಡೆ. ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವುದು ಬಿಟ್ಟು ಮಕ್ಕಳ ಪಂಕ್ತಿಯಲ್ಲೇ ಕೂತೆ. ಮೊದಮೊದಲು ಗಂಡನಿಗೆ ಅದು ಹೊಸದಾಗಿ ಕಂಡಿತು. ಆಮೇಲೆ ತಾವೇ ಗಾಡಿಯಲ್ಲಿ ಸೊಪ್ಪಿನ ಕಟ್ಟು ತರತೊಡಗಿದರು. ಬೆಳಕಿಂಡಿಗೆ ಕಬ್ಬಿಣದ ಸರಳು ಕೂರಿಸಿದರು.

ಹೆಜ್ಜೆಗಳು ಒಮ್ಮೆಲೆ ನಿಲ್ಲಲಿಲ್ಲ. ಮೊದಲು ಮನೆಯಲ್ಲಿ ಓಡುವುದು ಬಿಟ್ಟವು. ಆಮೇಲೆ ಮೆಟ್ಟಿಲು ಹತ್ತುವಾಗಷ್ಟೇ ಬಂದವು. ಕೊನೆಗೆ ದಿಂಬಿಗೆ ಕಿವಿ ಒತ್ತಿದರೆ ಮಾತ್ರ, ಬಹಳ ದೂರದಲ್ಲಿ. ಒಂದು ಮಧ್ಯಾಹ್ನ ಮಗ್ಗುಲಾಗಿ ಮಲಗಿ ಕಾದೆ, ಏನೂ ಕೇಳಲಿಲ್ಲ. ಮನೆ ಎಷ್ಟು ಖಾಲಿಯಾಯಿತೆಂದರೆ, ಎದ್ದು ಒಂದೊಂದೇ ಕೋಣೆ ತಿರುಗಿ ನೋಡಿ ಬಂದೆ. ಮಕ್ಕಳು ಮೂವರೂ ಮಲಗಿದ್ದರು.

ಹೊಲದಿಂದ ಬಂದ ಅತ್ತೆ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಅಂದು ಅವರಿಗೆ ಎಲ್ಲ ಹೇಳಿದೆ. ಹೆಜ್ಜೆ, ತಾಟು, ಮಾಳಿಗೆ, ಎಲ್ಲ. ಅವರು ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟರು.

"ಗುಳಿಗಿ ತಗೊಂಡ್ರ ಹೋಗ್ತೈತೇನವಾ ಅದು?" ಎಂದು ಕೇಳಿದರು.

"ಹೂನ್ರಿ ಅತ್ತಿ. ನನಗ ಹೋತು."

"ನನಗ ನಿನ್ನ ಗಂಡ ಹುಟ್ಟೂಕಿಂತ ಮೊದಲ ಒಂದು ಬಸಿರು ಹೋತು. ಆವಾಗಿಂದ ಬರ್ತೈತಿ ಅದು ನನ್ನ ಹಿಂದ. ಹೊಲಕ್ಕೂ ಬರ್ತೈತಿ."

ಅತ್ತೆ ಹೊಸ್ತಿಲು ದಾಟಿದ ಮೇಲೆ ಒಂದು ಗಳಿಗೆ ನಿಲ್ಲುವುದನ್ನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೆ. ಮೊಣಕಾಲು ನೋವೆಂದು ತಿಳಿದಿದ್ದೆ.

ಅವರನ್ನೂ ದವಾಖಾನೆಗೆ ಕರೆದೊಯ್ದೆ. ಅವರಿಗೂ ರಕ್ತ ಕಡಿಮೆಯೇ ಇತ್ತು. ಮೂರ್ನಾಲ್ಕು ತಿಂಗಳು ಗುಳಿಗೆ ತಪ್ಪಿಸಲಿಲ್ಲ, ನಾನೇ ಎದುರು ನಿಂತು ನುಂಗಿಸಿದೆ. ಅಂಗೈ ಕೆಂಪಾಯಿತು, ಏದುಸಿರು ಹೋಯಿತು. ರಕ್ತದ ಲೆಕ್ಕ ಸರಿಬಂತು. ಸಪ್ಪಳ ಹೋಗಲಿಲ್ಲ. ಡಾಕ್ಟರ್ ಹುಬ್ಬಳ್ಳಿಯ ಕಿವಿ ತಜ್ಞರಿಗೆ ಚೀಟಿ ಬರೆದುಕೊಟ್ಟರು. ಕಡಲೆ ಕಿತ್ತ ಮೇಲೆ ಹೋದೆವು. ಯಂತ್ರ ಹಚ್ಚಿ, ಕತ್ತಿನ ನರ ಎಲ್ಲ ನೋಡಿದ ಆ ಡಾಕ್ಟರ್, ಹೆದರುವಂಥದ್ದೇನೂ ಇಲ್ಲ, ಕೆಲವರಿಗೆ ಕಾರಣ ಸಿಗುವುದಿಲ್ಲ, ತೊಂದರೆಯಾದರೆ ಮತ್ತೆ ಬನ್ನಿ ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ: "ಅತ್ತಿ, ನಿಮಗ ತ್ರಾಸ ಆಕ್ಕೈತೇನ್ರಿ ಅದರಿಂದ?"

"ಇಲ್ಲವಾ" ಎಂದರು. ಅವರ ಮುಖ ಹಗುರಾಗಿತ್ತು. ಕಿವಿ ಸರಿಯಿದೆ ಎಂದದ್ದಕ್ಕಲ್ಲ, ಆ ಹೆಜ್ಜೆಗಳನ್ನು ಯಾರೂ ತೆಗೆಯಲಿಲ್ಲ ಎಂಬುದಕ್ಕೆ ಎಂದು ನನಗೆ ತಿಳಿಯಿತು. ಅಣ್ಣಿಗೇರಿಯ ಬಸ್ಸು ಬಂತು. ಅತ್ತೆ ಹತ್ತಿ, ಮೆಟ್ಟಿಲ ಮೇಲೆ ಒಂದು ಬದಿಗೆ ಸರಿದು ನಿಂತರು. ಕಂಡಕ್ಟರ್ "ಒಳಗ ನಡೀರಿ ಯವ್ವಾ" ಎಂದ. ಅವರು ಇನ್ನೂ ಒಂದು ಗಳಿಗೆ ಹಾಗೆಯೇ ನಿಂತು, ಆಮೇಲೆ ಒಳಗೆ ನಡೆದು, ಕಿಟಕಿಯ ಕಡೆಗೆ ಒಂದು ಮಗು ಕೂರುವಷ್ಟು ಜಾಗ ಬಿಟ್ಟು ಕೂತರು. ನಾನು ಅವರ ಬಾಜೂ ಕೂರದೆ ಆಚೆ ಬದಿಯ ಸೀಟಿನಲ್ಲಿ ಕೂತೆ.