ಬಲ್ಬ್ ಹಾಕದೆ ಬರೆದ ಓಕೆ

ಕಳೆದ ವಾರ ಆಫೀಸಿನಲ್ಲಿ ಯುಪಿಎಸ್ ಪೆಟ್ಟಿಗೆ ತೆರೆದಾಗ ಕೊಳೆತ ಮೊಟ್ಟೆಯಂಥ ವಾಸನೆ ಮುಖಕ್ಕೆ ಹೊಡೆಯಿತು. ಒಳಗಿನ ಸೀಲ್ಡ್ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಸಹೋದ್ಯೋಗಿ ಮೀಟರ್ ಇಟ್ಟು ನೋಡಿ, ವೋಲ್ಟೇಜ್ ಸರಿಯಾಗಿದೆಯಲ್ಲ ಎಂದ. ನಾನು ಸುಮ್ಮಸುಮ್ಮನೆ ಅವನ ಮೇಲೆ ರೇಗಿದೆ. ರೇಗಬೇಕಾಗಿದ್ದುದು ಅವನ ಮೇಲಲ್ಲ...

ಆಗ ನಾವು ಕ್ಯಾಲಿಫೋರ್ನಿಯಾದ ರಾಂಚೊ ಬರ್ನಾರ್ಡೊದಲ್ಲಿದ್ದೆವು. ಪಕ್ಕದ ಮನೆಯ ಅಂಕಲ್ ಮೈಸೂರಿನವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ರೂಮು ನೋಡಿಕೊಂಡು ರಿಟೈರ್ ಆಗಿ, ಹೆಂಡತಿಯೊಂದಿಗೆ ಮಗಳ ಮನೆಗೆ ಬಂದಿದ್ದರು. ಆಂಟಿಗೆ ಶ್ವಾಸಕೋಶದ ಕಾಯಿಲೆ. ಹಗಲೂ ರಾತ್ರಿ ಆಕ್ಸಿಜನ್ ಮೆಷಿನ್ ಓಡಬೇಕು. ಕರೆಂಟೇ ಹೋಗದ ಆ ಊರಿನಲ್ಲೂ ಅಂಕಲ್, ಆಫೀಸುಗಳು ಎಸೆದ ಹಳೆಯ ಬ್ಯಾಟರಿ ತಂದು ಗ್ಯಾರೇಜಿನಲ್ಲಿ ಬ್ಯಾಕಪ್ ಕಟ್ಟಿದ್ದರು. ನಾವೆಲ್ಲ ನಗುತ್ತಿದ್ದೆವು.

ಅವರ ಪರೀಕ್ಷೆ ಮಾತ್ರ ಕಟ್ಟುನಿಟ್ಟು. ಪೂರ್ತಿ ಚಾರ್ಜ್ ಮಾಡಿ, ಒಂದು ದಿನ ಮುಟ್ಟದೆ ಬಿಟ್ಟು, ಆಮೇಲೆ ಕಾರಿನ ಹೆಡ್‌ಲೈಟ್ ಬಲ್ಬ್ ಹಚ್ಚಿ ಅರ್ಧ ಗಂಟೆ ಕಾಯುತ್ತಿದ್ದರು. ವೋಲ್ಟೇಜ್ ಕುಸಿಯದಿದ್ದರೆ ಮಾತ್ರ ಬ್ಯಾಟರಿಯ ಮೇಲೆ 'ಓಕೆ' ಎಂದು ಬರೆಯುತ್ತಿದ್ದರು.

“ಬರೀ ಮೀಟರ್ ನಂಬ್ಬೇಡಪ್ಪ. ಲೋಡ್ ಹಾಕಿದಾಗ್ಲೇ ಬಂಡವಾಳ ಗೊತ್ತಾಗೋದು” ಎನ್ನುತ್ತಿದ್ದರು.

2007ರಲ್ಲಿ ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು. ರಂಜಾನ್ ಹಬ್ಬದ ದಿನ ಊಟಕ್ಕೆ ಹೋದಾಗ, ಹೊಸದಾಗಿ ತಂದು ಚಾರ್ಜ್ ಮಾಡಿಟ್ಟಿದ್ದ ನಾಲ್ಕು ಹಳೆಯ ಬ್ಯಾಟರಿಗಳನ್ನು ಪರೀಕ್ಷೆಗೆಂದು ನನಗೆ ಒಪ್ಪಿಸಿದರು. ಆಂಟಿ ಮೂಗಿನಲ್ಲಿ ಟ್ಯೂಬ್ ಇದ್ದಂತೆಯೇ ಬಡಿಸಿದ ಬಿರಿಯಾನಿ ಕಂಠಮಟ್ಟ ತಿಂದಿದ್ದೆ. ಗ್ಯಾರೇಜಿನಲ್ಲಿ ಕಾದ ಬಿಸಿಲ ಧಗೆ. ನಾಲ್ಕಕ್ಕೂ ಮೀಟರ್ ಇಟ್ಟೆ, ಅಂಕಿ ಚೆನ್ನಾಗಿಯೇ ಇತ್ತು. ಎರಡು ಗಂಟೆ ಇಲ್ಲಿ ಯಾರು ಕಾಯುತ್ತಾರೆ ಎಂದು, ಬಲ್ಬ್ ಮುಟ್ಟದೆಯೇ ನಾಲ್ಕರ ಮೇಲೂ 'ಓಕೆ' ಬರೆದೆ. ಅಂಕಲ್ ಅವನ್ನೇ ಆಂಟಿಯ ಮೆಷಿನ್ನಿಗೆ ಜೋಡಿಸಿದರು.

ಹತ್ತೇ ದಿನಕ್ಕೆ ಬೆಟ್ಟಗಳಿಗೆ ಬೆಂಕಿ ಬಿತ್ತು. ನಾವು ಮೊದಲೇ ಹೊರಟು ಲಾಸ್ ಏಂಜಲೀಸಿನ ಗೆಳೆಯರ ಮನೆ ಸೇರಿದ್ದೆವು. ಅಂಕಲ್ ಮನೆಯಲ್ಲಿ ಸಾಮಾನು ಕಟ್ಟುವಷ್ಟರಲ್ಲಿ ಕರೆಂಟು ಹೋಯಿತಂತೆ. ಒಂದು ಗಂಟೆ ನಡೆಯಬೇಕಿದ್ದ ಬ್ಯಾಕಪ್ ಏಳೇ ನಿಮಿಷಕ್ಕೆ ಸತ್ತಿತು. ದಾರಿಗೆಂದು ಇಟ್ಟಿದ್ದ ಸಣ್ಣ ಆಕ್ಸಿಜನ್ ಸಿಲಿಂಡರನ್ನು ಮನೆಯಲ್ಲೇ ತೆರೆಯಬೇಕಾಯಿತು. ಹೈವೇಯಲ್ಲಿ ಕಾರುಗಳು ಅಲುಗುತ್ತಿರಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಸಿಲಿಂಡರ್ ಖಾಲಿ. ಮೂರನೆಯ ದಿನ ಆಂಟಿ ತೀರಿಕೊಂಡರು.

ಮಣ್ಣು ಮುಗಿಸಿ ಬಂದ ಮೇಲೆ ಅಂಕಲ್ ನನ್ನನ್ನು ಪಕ್ಕಕ್ಕೆ ಕರೆದರು.

“ಬೇಜಾರ್ ಮಾಡ್ಕೋಬೇಡ. ಬಲ್ಬ್ ಹಾಕಿ ನೋಡಿದ್ಯಲ್ಲಪ್ಪ?”

“ಹೂಂ ಅಂಕಲ್. ಒಂದೊಂದಕ್ಕೂ ಅರ್ಧ ಗಂಟೆ.”

ಅವರು ತಲೆಯಾಡಿಸಿದರು. “ಹಾಗಾದ್ರೆ ನಂದೇ ತಪ್ಪು. ನನ್ನ ಟೆಸ್ಟೇ ಸರಿಯಿಲ್ಲ.”

ಅಂದಿನಿಂದ ಅವರು ಮೀಟರ್ ಮುಟ್ಟಲಿಲ್ಲ. ಇಡೀ ಆಯುಷ್ಯ ನಂಬಿ ಮಾಡಿದ ಕೆಲಸವನ್ನೇ ಅನುಮಾನಿಸುತ್ತ ಕೂತರು. ನಾನು ನೋಡುತ್ತ ಇದ್ದೆ. ಹೇಡಿ ನಾನು, ಬೇರೆ ಪದ ಹುಡುಕುವುದಿಲ್ಲ.

ಅಂಕಲ್ ಈಗಿಲ್ಲ. ಯುಪಿಎಸ್ ಪೆಟ್ಟಿಗೆಯ ಆ ವಾಸನೆ ತಲೆಯಿಂದ ಹೋಗದೆ, ನಿನ್ನೆ ಅವರ ಮಗಳ ಮನೆಗೆ ಹೋಗಿದ್ದೆ, ಎಲ್ಲ ಹೇಳಿಬಿಡಬೇಕೆಂದು. ಬಾಗಿಲಲ್ಲೇ ಅವರು ಅಂದರು: “ನಮ್ಮ ಅಬ್ಬಾ ಕೊನೇವರೆಗೂ ನಿಮ್ಮ ಹೆಸ್ರು ಹೇಳ್ತಿದ್ರು. ಹೇಳಿದ ಕೆಲ್ಸ ಹೇಳಿದ ಹಾಗೇ ಮಾಡಿದೋನು ಅವನೊಬ್ನೇ ಅಂತ.”

ಚಹಾ ಕೊಟ್ಟರು. ಕುಡಿದು ಎದ್ದು ಬಂದೆ.