ಕಿವಿಯೊಳಗಿನ ಸಿಳ್ಳೆ

ವಯಸ್ಸಾಯಿತು ನೋಡಿ, ನನ್ನ ಕಿವಿಗೂ ಒಂದು ಯಂತ್ರ ಬಂದಿದೆ. ಇವತ್ತು ಬೆಳಿಗ್ಗೆ ಸಿಕ್ಕಿಸಿಕೊಂಡರೆ ಸರಿಯಾಗಿ ಕೂರದೆ ಕುಂಯ್ ಎಂದು ಸಿಳ್ಳೆ ಹಾಕಿತು. ಪಕ್ಕದಲ್ಲಿ ಪೇಪರು ಓದುತ್ತಿದ್ದ ಅಕ್ಕನ ಮಗಳು ಸುಮಾಗೆ ಅದು ಕೇಳಿಸುವಂತಿಲ್ಲ. ಹುಟ್ಟಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ. ನನ್ನ ಮುಖ ಕಿವುಚಿದ್ದು ನೋಡಿಯೇ ಕೈ ಚಾಚಿ ಒತ್ತಿ ಕೂರಿಸಿದಳು. ಆ ಸಿಳ್ಳೆ ನನಗೆ ಹಳೆಯ ಪರಿಚಯ.

ಎಂಬತ್ತರ ದಶಕದಲ್ಲಿ ಮಾವನಿಗೆ ವಿಶಾಖಪಟ್ಟಣದ ಬ್ಯಾಂಕಿಗೆ ವರ್ಗವಾಗಿತ್ತು. ಮಾವ ಎಂದರೆ ಅಮ್ಮನ ತಮ್ಮ, ಅಕ್ಕನ ಗಂಡನೂ ಅವನೇ. ನಮ್ಮ ತುಮಕೂರು ಕಡೆ ಅದೇನು ದೊಡ್ಡ ವಿಷಯವಲ್ಲ. "ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೀತಾರೇನೇ?" ಎನ್ನುತ್ತಿದ್ದಳು ಅಜ್ಜಿ. ಅವಳ ಕಿರಿಮಗ ಚಿಕ್ಕಮಾವನಿಗೆ ನಾನು ಎಂದು ಆಗಲೇ ಮಾತಾಗಿತ್ತು. ನನಗೂ ಅವನೆಂದರೆ ಪ್ರಾಣ, ಮುಚ್ಚಿಡುವುದೇನು.

ಮಗು ನೋಡಿಕೊಳ್ಳಲೆಂದು ನಾನು ದ್ವಾರಕಾ ನಗರದ ಅವರ ಬಾಡಿಗೆ ಮನೆ ಸೇರಿದೆ. ಸುಮಾ ಓಡಾಡುವಷ್ಟಾದರೂ ಮಾತು ಬರಲಿಲ್ಲ. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ತೆಲುಗು, ಪಾಪ ಕೂಸಿಗೆ ಗಲಿಬಿಲಿ ಎಂದುಕೊಂಡೆವು. ವರ್ಗದ ಮೇಲೆ ಬಂದ ಕನ್ನಡದವರೆಲ್ಲ ಹಾಗೇ ಅನ್ನುತ್ತಿದ್ದರು. ಅನುಮಾನ ಬಂದಾಗ ಅಕ್ಕ ಸ್ಟೀಲ್ ತಟ್ಟೆಯನ್ನು ಮಂಚದ ಕಾಲಿಗೆ ಬಡಿಯುತ್ತಿದ್ದಳು. ಮಂಚದ ಮೇಲಿನ ಮಗು ತಿರುಗುತ್ತಿತ್ತು. ಸದ್ಯ ಎಂದು ಅದೇ ತಟ್ಟೆಗೆ ಉಪ್ಪಿಟ್ಟು ಹಾಕಿಕೊಂಡು ತಿನ್ನುತ್ತಿದ್ದೆವು.

ವಿಜಯವಾಡಕ್ಕೆ ವರ್ಗವಾದ ಮೇಲೆ ಬೆಂಜ್ ಸರ್ಕಲ್ ಹತ್ತಿರದ ಡಾಕ್ಟರಮ್ಮನಿಗೆ ತೋರಿಸಿದೆವು. ಮಗು ತಿರುಗಿದ್ದು ಸದ್ದಿಗಲ್ಲ, ಮಂಚ ಅದುರಿದ್ದಕ್ಕೆ ಎಂದರು. ಆಮೇಲೆ ಮೆಲ್ಲಗೆ, "ಮೇನರಿಕಮಾ ಅಮ್ಮಾ?" ಎಂದು ಕೇಳಿದರು, ಮದುವೆ ಸಂಬಂಧದೊಳಗೇ ಆಯಿತೇ ಎಂದು. "ಅವುನಂಡಿ" ಎಂದು ಒಪ್ಪಿಕೊಂಡಳು ಅಕ್ಕ. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷ ಅಡಗಿದ್ದರೆ ಮಗುವಿಗೆ ಹೀಗಾಗಬಹುದು, ಹತ್ತಿರದ ರಕ್ತದಲ್ಲಿ ಆ ಭಯ ಹೆಚ್ಚು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು.

ಸುಮಾಳ ಎದೆಗೆ ಕಿವಿಯ ಯಂತ್ರದ ಡಬ್ಬಿ ಬಂತು, ಅದರಿಂದ ಕಿವಿಗೊಂದು ವೈರು. ಅವಳ ಫ್ರಾಕುಗಳಿಗೆಲ್ಲ ಜೇಬು ಹೊಲಿದವಳು ನಾನು. ಅದು ಹಾಕುತ್ತಿದ್ದ ಸಿಳ್ಳೆ ಅವಳೊಬ್ಬಳನ್ನು ಬಿಟ್ಟು ಮನೆಮಂದಿಗೆಲ್ಲ ಕೇಳುತ್ತಿತ್ತು.

ನನ್ನ ಮದುವೆಯ ದಿನ ಗೊತ್ತುಮಾಡಲು ಅಜ್ಜಿ ಬಂದಳು. ಮಾವ ಬ್ಯಾಂಕಿಗೆ ಹೊರಟು ಬೂಟಿನ ದಾರ ಕಟ್ಟುತ್ತಿದ್ದ. ಅಕ್ಕ ಹೇಳಿದಳು, "ಅಜ್ಜಿ, ಇವಳನ್ನ ಚಿಕ್ಕಮಾವಂಗೆ ಕೊಡೋದು ಬೇಡ."

"ಹೂ ಮುಡಿಸಿ ಆಗಿದೆಯಲ್ಲೇ. ನನ್ನ ಮಗನಿಗೆ ಏನು ಕಮ್ಮಿಯಾಗಿದೆ?"

"ಏನೂ ಕಮ್ಮಿ ಇಲ್ಲ. ಇನ್ನೊಂದು ಕೂಸು ಹೀಗಾಗೋದು ಬೇಡ."

ಮಾವ ಎದ್ದು, ಊಟದ ಡಬ್ಬಿ ಬಿಟ್ಟು ಹೋದ. ನನಗೆ ಅಕ್ಕನ ಮೇಲೆ ಕೆಂಡದಂಥ ಸಿಟ್ಟು ಬಂತು. ಗಂಡನ ಎದುರಿಗೆ ಆ ಮಾತಾಡಲು ಅವಳಿಗೆಷ್ಟು ನೋವಾಗಿತ್ತೋ, ಆಗ ನನಗೆ ತಿಳಿಯಲಿಲ್ಲ.

ಚಿಕ್ಕಮಾವನಿಗೆ ಬೇರೆ ಕಡೆ ಹೆಣ್ಣು ಸಿಕ್ಕಿತು. ನನ್ನನ್ನು ನೋಡಲೂ ಗಂಡುಗಳು ಬಂದವು; ಮನೆಯಲ್ಲಿ ಕಿವುಡು ಮಗುವಿದೆಯಂತೆ ಎಂದು ಕಾಫಿ ಕುಡಿದು ಹೋದವು. ಮಾಡುತ್ತಿದ್ದುದು ಒಳ್ಳೆಯ ಕಾಫಿಯನ್ನೇ. ಮಾವನೂ ಅಕ್ಕನೂ ತೀರಿಕೊಂಡ ಮೇಲೆ ನಾನೂ ಸುಮಾನೂ ಒಟ್ಟಿಗೇ ಇದ್ದೇವೆ.

ಇವತ್ತಿನ ಪೇಪರಿನಲ್ಲಿ ಹುಟ್ಟುಕಿವುಡು, ರಕ್ತಸಂಬಂಧದ ಮದುವೆ, ಹೊಸ ಸಂಶೋಧನೆ ಎಂದು ಏನೋ ಬಂದಿತ್ತು. ಸುಮಾ ಓದಿ ಮುಗಿಸಿ, ತನ್ನ ಒಡಕು ದನಿಯಲ್ಲಿ ಕೇಳಿದಳು, "ಚಿಕ್ಕಮ್ಮಾ, ನೀನು ಚಿಕ್ಕಪ್ಪನ್ನ ಯಾಕೆ ಮದ್ವೆ ಆಗ್ಲಿಲ್ಲ?"

ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ತುಟಿ ಕಾಣದಿದ್ದರೆ ಅವಳಿಗೆ ಮಾತು ತಿಳಿಯುವುದಿಲ್ಲ.

"ನಿಮ್ಮಮ್ಮ ಬೇಡ ಅಂದ್ಲು."

"ನನ್ನ ನೋಡಿ?"

ಹೂಂ ಎಂದೆ. ಅವಳು ಗದ್ದ ಬಿಟ್ಟಳು. ಯಂತ್ರ ಜಾರಿ ಮತ್ತೆ ಸಿಳ್ಳೆ ಹಾಕಿತು. ನನ್ನ ಮುಖ ಕಿವುಚಿದ್ದನ್ನು ಅವಳು ನೋಡಿದಳು. ಈ ಸಲ ಕೈ ಚಾಚಲಿಲ್ಲ.